ಎಂಟೇ ದಿನಕ್ಕೆ ಬೆಳ್ಳಗಾದ್ರೆ ಹೆದರಿಕೊಳ್ಳಿ

ಹೋದ ಸಂಚಿಕೇಲಿ ಬಂಗಿನ (ಮುಖದ ಮೇಲೆ ಬರೋ ಕಂದು ಕಲೆ) ಬಗ್ಗೆ ಒಂದು ಸಣ್ಣ ಉತ್ತರ ಬರೆದಿದ್ದೆ. ಅದಕ್ಕೆ ಬಂದ ಪತ್ರ, ವಾಟ್ಸಾಪ್ ಮೆಸೇಜು ನೋಡಿದ್ರೆ ಅರ್ಧಕ್ಕರ್ಧ ಬಂಗಿನ ಪ್ರಶ್ನೆನೇ ಅಲ್ಲ, ಬೆಳ್ಳಗಾಗೋದು ಹೇಗೆ ಅಂತ. ಇನ್ನರ್ಧ ಬೆಳ್ಳಗಾಗೋಕೆ ಹೋಗಿ ಆದ ಫಜೀತಿ. ಹಾಗಾಗಿ ಈ ಸಲ ಬೇರೆದೆಲ್ಲ (ತಲೆಹೊಟ್ಟಿನವರು ಕ್ಷಮಿಸಿ, ಮುಂದಿನ ತಿಂಗಳು ಗ್ಯಾರಂಟಿ) ಪಕ್ಕಕ್ಕಿಟ್ಟು ಇದನ್ನೇ ತಗೊಂಡಿದೀನಿ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ 24 ವರ್ಷ. ಪಿಜಿಲಿ ಇದ್ದಾಗ ರೂಮ್‌ಮೇಟ್ ಹೇಳಿದ್ಲು ಅಂತ ಮೆಡಿಕಲ್ ಶಾಪಲ್ಲಿ ಒಂದು ಕ್ರೀಮ್ ತಗೊಂಡೆ, ಚೀಟಿ ಏನೂ ಕೇಳ್ಲಿಲ್ಲ. ಒಂದೇ ವಾರದಲ್ಲಿ ಎಷ್ಟು ಚೆನ್ನಾಗಿ ಆಯ್ತು ಅಂದ್ರೆ ಆಫೀಸಲ್ಲಿ ಎಲ್ಲರೂ ಏನು ಹಚ್ತೀಯ ಅಂತ ಕೇಳೋರು. ಎಂಟು ತಿಂಗಳು ದಿನಾ ರಾತ್ರಿ ಹಚ್ಚಿದೆ. ಈಗ ಬಿಸಿಲಿಗೆ ಹೋದ್ರೆ ಮುಖ ಉರಿಯುತ್ತೆ, ಕೆನ್ನೆ ಮೇಲೆ ಕೆಂಪು ದಾರದ ಥರ ನರ ಕಾಣ್ಸುತ್ತೆ, ಗಲ್ಲದ ಮೇಲೆ ಕೂದಲು ಬೇರೆ ಬರ್ತಿದೆ. ಎರಡು ದಿನ ಬಿಟ್ರೆ ಮುಖ ಟೊಮೆಟೊ ಥರ ಆಗಿ ಮೊಡವೆ ಏಳುತ್ತೆ, ಮತ್ತೆ ಹಚ್ಚಿದ್ರೆ ಸರಿ ಹೋಗುತ್ತೆ. ನನ್ನ ಸ್ಕಿನ್‌ಗೆ ಆ ಕ್ರೀಮ್ ಬೇಕೇ ಬೇಕು ಅಂತ ಅರ್ಥನಾ?
- ಹೆಸರು ಬೇಡ, ಹಾಸನ

ಉತ್ತರ: ಬೇಕು ಅಂತಲ್ಲಮ್ಮ, ಅಭ್ಯಾಸ ಆಗಿಹೋಗಿದೆ ಅಂತ. ಕುಡಿಯೋರಿಗೆ ಬೆಳಗ್ಗೆ ಕೈ ನಡುಗಿ ಒಂದು ಪೆಗ್ ಹಾಕಿದ್ಮೇಲೆ ನಿಲ್ಲುತ್ತಲ್ಲ, ಹೆಚ್ಚು ಕಮ್ಮಿ ಅದೇ ಕಥೆ ನಿಮ್ಮ ಕೆನ್ನೆದು.

ಟ್ಯೂಬ್ ಇನ್ನೂ ಇದ್ರೆ ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ. ನನ್ನ ಅಂದಾಜು ಸರಿ ಇದ್ರೆ ಮೂರು ಹೆಸರು ಇರುತ್ತೆ: ಹೈಡ್ರೋಕ್ವಿನೋನ್ 2%, ಟ್ರೆಟಿನೋಯಿನ್ 0.025%, ಮೊಮೆಟಸೋನ್ 0.1%. ಮೊದಲನೇದು ಬಣ್ಣ ತಿಳಿ ಮಾಡೋದು, ಎರಡನೇದು ಚರ್ಮದ ಮೇಲ್ಪದರ ಬೇಗ ಉದುರಿಸೋದು, ಕೊನೇದು ಸ್ಟೀರಾಯ್ಡ್, ಅಂದ್ರೆ ಉರಿಯೂತ ಅಡಗಿಸೋ ಔಷಧಿ. ಕೆಲವು ಟ್ಯೂಬಲ್ಲಿ ಬೀಟಾಮೆಥಸೋನ್ ಅಥವಾ ಕ್ಲೋಬೆಟಸಾಲ್ ಅಂತ ಇರುತ್ತೆ, ಅವೂ ಸ್ಟೀರಾಯ್ಡೇ, ಕ್ಲೋಬೆಟಸಾಲ್ ಅಂತೂ ಇರೋದ್ರಲ್ಲೇ ಭಾರೀ ಸ್ಟ್ರಾಂಗ್, ಗಟ್ಟಿ ಎಕ್ಸಿಮಾಗೆ, ಸೋರಿಯಾಸಿಸ್‌ಗೆ ಅಂತ ಇರೋದು, ಅದನ್ನ ಮುಖಕ್ಕೆ ಹಚ್ಕೊಂಡು ಬರೋರನ್ನ ನೋಡಿದ್ರೆ ನನಗೆ ತಲೆ ಚಚ್ಕೋಬೇಕು ಅನ್ಸುತ್ತೆ.

ಒಂದು ವಾರದಲ್ಲಿ ಬೆಳ್ಳಗಾಗಿದ್ದು ಹೇಗೆ ಅಂತ ಕೇಳಿ. ಸ್ಟೀರಾಯ್ಡ್ ಹಚ್ಚಿದ ತಕ್ಷಣ ಚರ್ಮದ ಕೆಳಗಿನ ಸಣ್ಣ ರಕ್ತನಾಳ ಎಲ್ಲ ಕುಗ್ಗುತ್ತೆ, ಅದಕ್ಕೆ ಮುಖ ಬಿಳಿಚಿಕೊಳ್ಳುತ್ತೆ. ಅದನ್ನ ನಾವು ಗ್ಲೋ ಅಂತೀವಿ. ಇದ್ದ ಸಣ್ಣಪುಟ್ಟ ಮೊಡವೆ, ಕೆಂಪು ಎಲ್ಲ ಅಡಗುತ್ತೆ, ಮೈಬಣ್ಣ ಮಾಡೋ ಜೀವಕೋಶದ ಕೆಲಸನೂ ನಿಧಾನ ಆಗುತ್ತೆ. ತಿಂಗಳುಗಟ್ಟಲೆ ಹಚ್ಚಿದ್ಮೇಲೆ ಅದೇ ಔಷಧಿ ಚರ್ಮನ ತೆಳು ಮಾಡುತ್ತೆ. ಹಾಗಾಗಿ ಒಳಗಿನ ನರ ಹೊರಗೆ ಕಾಣುತ್ತೆ, ಕೂದಲು ಬರುತ್ತೆ, ಬಿಸಿಲು ತಡ್ಕೊಳಲ್ಲ, ಬಿಟ್ಟ ಕೂಡ್ಲೇ ಕುಗ್ಗಿದ್ದ ನಾಳ ಎಲ್ಲ ಒಂದೇ ಸಲ ಹಿಗ್ಗಿ ಟೊಮೆಟೊ. ಇದು ನಮ್ಮ ದೇಶದಲ್ಲಿ ಎಷ್ಟು ಕಾಮನ್ ಅಂದ್ರೆ ಇಲ್ಲಿನ ಚರ್ಮದ ಡಾಕ್ಟರುಗಳೇ ಇದಕ್ಕೊಂದು ಹೆಸರಿಟ್ಟಿದಾರೆ, ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್ ಅಂತ. 2018ರ ಮಾರ್ಚಲ್ಲಿ ಕೇಂದ್ರ ಸರ್ಕಾರ 14 ಹಚ್ಚೋ ಸ್ಟೀರಾಯ್ಡ್‌ಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸ್ತು, ಅಂದ್ರೆ ಡಾಕ್ಟರ್ ಚೀಟಿ ಇಲ್ದೆ ಮಾರೋ ಹಾಗಿಲ್ಲ. ಚೀಟಿ ಯಾರು ಕೇಳ್ತಾರೆ ಅನ್ನೋದು ನಿಮಗೇ ಗೊತ್ತಾಗಿದೆ.

ಮೂರು ಔಷಧಿ ಸೇರಿಸೋ ಉಪಾಯ ಇವತ್ತಿನದ್ದಲ್ಲ, 1975ರಲ್ಲಿ ಅಮೆರಿಕದ ಕ್ಲಿಗ್ಮನ್ ಮತ್ತು ವಿಲ್ಲಿಸ್ ಅನ್ನೋ ಡಾಕ್ಟರುಗಳು ಮಾಡಿದ್ದು. ಬಂಗಿಗೆ ಒಳ್ಳೇ ಔಷಧಿನೇ, ನಾನೂ ಬರೀತೀನಿ, ಸುಳ್ಳು ಯಾಕೆ. ಆದ್ರೆ ಬಂಗಿರೋ ಜಾಗಕ್ಕೆ ಮಾತ್ರ, ಕೆಲವೇ ವಾರ, ಮತ್ತೆ ಬಂದು ತೋರಿಸಿ ಅಂತ ಹೇಳಿ. ಇಡೀ ಮುಖಕ್ಕೆ ಸ್ನೋ ಥರ ಎಂಟು ತಿಂಗಳು ಹಚ್ಚೋಕಲ್ಲ. ಹೈಡ್ರೋಕ್ವಿನೋನನ್ನೂ ವರ್ಷಗಟ್ಟಲೆ ಎಳೆದ್ರೆ ಬೆಳ್ಳಗಾಗೋ ಬದಲು ಕೆನ್ನೆಮೂಳೆ ಮೇಲೆ ನೀಲಿಗಪ್ಪು ಬಣ್ಣ ಕೂತುಬಿಡೋದುಂಟು, ಓಕ್ರೊನೋಸಿಸ್ ಅಂತಾರೆ. ಅದನ್ನ ತೆಗೆಯೋದು ಬಹಳ ಕಷ್ಟ. ದಕ್ಷಿಣ ಆಫ್ರಿಕಾದಲ್ಲಿ ಇದು ವಿಪರೀತ ಆಗಿ 1990ರಲ್ಲಿ ಕಾಸ್ಮೆಟಿಕ್‌ಗೆ ಹೈಡ್ರೋಕ್ವಿನೋನ್ ಹಾಕೋದನ್ನೇ ಬ್ಯಾನ್ ಮಾಡಿದ್ರು.

ಈಗ ಏನ್ ಮಾಡ್ಬೇಕು. ಹಾಸನದಲ್ಲೇ ಚರ್ಮದ ಡಾಕ್ಟರ್ ಇದಾರೆ, ಈ ವಾರನೇ ಹೋಗಿ, ಟ್ಯೂಬ್ ಜೊತೆಗೆ ತಗೊಂಡು ಹೋಗಿ, ಬೈತಾರೆ ಅಂತ ಬಚ್ಚಿಡ್ಬೇಡಿ. ಕೆಲವರಿಗೆ ಒಂದೇ ಸಲ ನಿಲ್ಲಿಸ್ತಾರೆ, ಕೆಲವರಿಗೆ ಮೈಲ್ಡ್ ಆಗಿರೋದಕ್ಕೆ ಬದಲಾಯಿಸಿ ಇಳಿಸ್ತಾ ಬರ್ತಾರೆ, ಅದು ಮುಖ ನೋಡಿ ತೀರ್ಮಾನ ಮಾಡೋದು. ಅಲ್ಲೀವರೆಗೂ ವಾಸನೆ ಇಲ್ದಿರೋ ಸಾದಾ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಅಷ್ಟೇ. ಫೇಶಿಯಲ್ ಬೇಡ, ಸ್ಕ್ರಬ್ ಬೇಡ, ಮೊಡವೆಗೆ ಅಂತ ಇನ್ನೊಂದು ಟ್ಯೂಬ್ ಬೇಡವೇ ಬೇಡ. ಮೊದಲ ಕೆಲವು ವಾರ ಮುಖ ಇನ್ನೂ ಕೆಡುತ್ತೆ, ಅದನ್ನ ಮೊದಲೇ ಹೇಳ್ತಿದೀನಿ, ಆಗ ಕನ್ನಡಿ ನೋಡಿ ಹೆದರಿ ಮತ್ತೆ ಹಳೇ ಟ್ಯೂಬಿಗೆ ಕೈ ಹಾಕೋರೇ ಜಾಸ್ತಿ. ಸರಿ ಹೋಗೋಕೆ ತಿಂಗಳುಗಳು ಹಿಡಿಯುತ್ತೆ. ಇನ್ನೊಂದು ಮಾತು, ಮದುವೆ ಆಗಿ ಮಗುಗೆ ಪ್ಲಾನ್ ಮಾಡ್ತಿದ್ರೆ ಡಾಕ್ಟರಿಗೆ ಹೇಳಿ, ಟ್ರೆಟಿನೋಯಿನ್, ಹೈಡ್ರೋಕ್ವಿನೋನ್ ಎರಡನ್ನೂ ಬಸುರಿಯರಿಗೆ ಕೊಡಲ್ಲ.

ಪ್ರಶ್ನೆ: ನಮ್ಮ ಯಜಮಾನ್ರು ದುಬೈನಲ್ಲಿ ಇರುವುದು. ಊರಿಗೆ ಬರುವಾಗ ಒಂದು ಕ್ರೀಮ್ ತರ್ತಾರೆ, ಸಣ್ಣ ಡಬ್ಬಿ, ಅಲ್ಲಿ ಎಲ್ಲರೂ ಹಚ್ಚುವುದಂತೆ. ನಾನು, ನಾದಿನಿ ಇಬ್ಬರೂ ಆರು ತಿಂಗಳಿಂದ ಹಚ್ತಾ ಇದ್ದೇವೆ, ಒಳ್ಳೆ ರಿಸಲ್ಟ್ ಬಂದಿದೆ. ಈಗ ಒಂದು ತಿಂಗಳಿಂದ ನನಗೆ ಬೆಳಿಗ್ಗೆ ಕಣ್ಣು ದಪ್ಪ ಆಗ್ತದೆ, ಸಂಜೆ ಕಾಲು ಊದ್ತದೆ, ಮೂತ್ರದಲ್ಲಿ ನೊರೆ. ಅತ್ತೆ ಹೇಳ್ತಾರೆ ಉಪ್ಪಿನಕಾಯಿ ಜಾಸ್ತಿ ತಿಂದದ್ದಕ್ಕೆ ಅಂತ. ಕ್ರೀಮಿಗೂ ಇದಕ್ಕೂ ಸಂಬಂಧ ಉಂಟಾ? ಮನೆಯಲ್ಲಿ ಎರಡು ವರ್ಷದ ಮಗು ಇದೆ.
- ಓದುಗರು, ಉಡುಪಿ ಜಿಲ್ಲೆ

ಉತ್ತರ: ಈ ಪತ್ರಕ್ಕೆ ಪತ್ರಿಕೆ ಬರೋವರೆಗೆ ಕಾಯದೆ ಫೋನಲ್ಲೇ ಉತ್ತರ ಕೊಟ್ಟಾಗಿದೆ. ಬೇರೆಯವರಿಗೂ ಬೇಕು ಅಂತ ಇಲ್ಲಿ ಬರೀತಿದೀನಿ.

ಸಂಬಂಧ ಇರೋ ಸಾಧ್ಯತೆ ಬಹಳ ಇದೆ. ಇಂಥ ಡಬ್ಬಿಗಳಲ್ಲಿ ಎಷ್ಟೋ ಸಲ ಸಿಗೋದು ಪಾದರಸ, ಹೌದು, ಥರ್ಮಾಮೀಟರಲ್ಲಿ ಇರ್ತಿತ್ತಲ್ಲ ಅದೇ, ರಾಸಾಯನಿಕ ಲವಣದ ರೂಪದಲ್ಲಿ. ಮೈಬಣ್ಣದ ಮೆಲನಿನ್ ತಯಾರಾಗೋಕೆ ಟೈರೋಸಿನೇಸ್ ಅಂತ ಒಂದು ಕಿಣ್ವ ಬೇಕು, ಆ ಕಿಣ್ವಕ್ಕೆ ತಾಮ್ರ ಬೇಕು, ಪಾದರಸ ಹೋಗಿ ಆ ತಾಮ್ರದ ಜಾಗದಲ್ಲಿ ಕೂತುಬಿಡುತ್ತೆ. ಬಣ್ಣ ನಿಂತುಹೋಗುತ್ತೆ, ಬೆಳ್ಳಗೆ ಕಾಣ್ತೀರ, ರಿಸಲ್ಟ್ ಸುಳ್ಳಲ್ಲ. ಆದ್ರೆ ಅದು ಚರ್ಮದಲ್ಲೇ ನಿಲ್ಲಲ್ಲ, ರಕ್ತಕ್ಕೆ ಇಳಿದು ಕಿಡ್ನಿಗೆ ಹೋಗುತ್ತೆ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಮುಖದ ಕ್ರೀಮಲ್ಲಿ ತಪ್ಪಿ ಸೇರಿದ ಪಾದರಸ ಕೂಡ 1 ಪಿಪಿಎಂ ದಾಟಬಾರದು, ಅಂದ್ರೆ ಒಂದು ಕೆಜಿ ಕ್ರೀಮಿಗೆ ಒಂದು ಮಿಲಿಗ್ರಾಂ. ಕಳ್ಳದಾರೀಲಿ ಬರೋ ಕ್ರೀಮುಗಳನ್ನ ಲ್ಯಾಬಲ್ಲಿ ನೋಡಿದಾಗ ಸಾವಿರಗಟ್ಟಲೆ ಪಿಪಿಎಂ ಸಿಕ್ಕಿದೆ.

ನಿಮ್ಮ ಪಕ್ಕದ ರಾಜ್ಯದ್ದೇ ಉದಾಹರಣೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಕಿಡ್ನಿ ಡಾಕ್ಟರುಗಳು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಅನ್ನೋ ಕಾಯಿಲೆಯ 22 ಕೇಸ್ ನೋಡಿದ್ರು. ಕಿಡ್ನಿಯ ಜರಡಿ ಕೆಟ್ಟು ಪ್ರೋಟೀನ್ ಮೂತ್ರದಲ್ಲಿ ಸೋರಿ ಹೋಗೋ ಕಾಯಿಲೆ ಅದು, ನೊರೆ, ಊತ ಎರಡೂ ಅದರಿಂದಲೇ. ಅದರಲ್ಲಿ 15 ಜನರಿಗೆ ಇದ್ದದ್ದು ಅಪರೂಪದ ಒಂದು ವಿಧ, ಆ 15ರಲ್ಲಿ 13 ಜನ ಬೆಳ್ಳಗಾಗೋ ಕ್ರೀಮ್ ಹಚ್ತಿದ್ವಿ ಅಂತ ಒಪ್ಕೊಂಡ್ರು. ಕೇರಳದ ಡ್ರಗ್ಸ್ ಕಂಟ್ರೋಲ್ ಇಲಾಖೆನೂ ಆಪರೇಷನ್ ಸೌಂದರ್ಯ ಅಂತ ಹೆಸರಿಟ್ಟು ಅಂಗಡಿ ಅಂಗಡಿ ಹೊಕ್ಕಿ ಕ್ರೀಮ್ ಹಿಡೀತು. ಮಹಾರಾಷ್ಟ್ರದ ಅಕೋಲಾದಲ್ಲಂತೂ ಒಂದೇ ಡಬ್ಬಿ ಹಚ್ತಿದ್ದ ತಾಯಿ, ಇಬ್ಬರು ಹೆಣ್ಣುಮಕ್ಕಳು ಮೂರೂ ಜನಕ್ಕೆ ಕಿಡ್ನಿ ತೊಂದರೆ ಆಗಿತ್ತು.

ಸಮಾಧಾನದ ವಿಷಯ ಏನಂದ್ರೆ ಕೋಟ್ಟಕ್ಕಲ್‌ನ ಕೇಸುಗಳಲ್ಲಿ ಹೆಚ್ಚಿನವು ಕ್ರೀಮ್ ಬಿಟ್ಟ ಮೇಲೆ ಸುಧಾರಿಸಿದ್ವು. ಹಾಗಂತ ಬಿಟ್ಟು ಸುಮ್ನೆ ಕೂರೋ ಹಾಗಿಲ್ಲ. ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್, ಆಲ್ಬುಮಿನ್ ಟೆಸ್ಟು, ಬಿಪಿ, ಕಿಡ್ನಿ ಡಾಕ್ಟರ್ ಹೇಳಿದ್ರೆ ಪಾದರಸದ ಟೆಸ್ಟು. ನಾದಿನಿಗೂ ಮಾಡಿಸಿ, ಊತ ಇಲ್ದಿದ್ರೂ. ಪಾದರಸ ನರಮಂಡಲಕ್ಕೂ ಹೊಡೆಯುತ್ತೆ, ನಿದ್ದೆ ಬರ್ದಿರೋದು, ಕೈ ನಡುಕ, ಸುಮ್ಸುಮ್ನೆ ಸಿಡುಕು, ಬಾಯಲ್ಲಿ ಕಬ್ಬಿಣದ ರುಚಿ ಇದ್ಯಾ ಕೇಳಿ. ಮಗುವನ್ನೂ ಮಕ್ಕಳ ಡಾಕ್ಟರಿಗೆ ತೋರಿಸಿ ಅಂದದ್ದಕ್ಕೆ ಫೋನಲ್ಲಿ ನಿಮಗೆ ಆಶ್ಚರ್ಯ ಆಯ್ತು, ಮಗು ಹಚ್ಚಿಲ್ವಲ್ಲ ಅಂದ್ರಿ. ಅಮ್ಮನ ಕೆನ್ನೆಗೆ ಕೆನ್ನೆ ಇಟ್ಟು ಮಲಗುತ್ತಲ್ಲ, ಅದೇ ಟವೆಲು, ಅದೇ ದಿಂಬು, ಮೇಲಾಗಿ ಪಾದರಸ ಆವಿಯಾಗಿ ಗಾಳಿಗೂ ಸೇರುತ್ತೆ. ದಿಂಬಿನ ಕವರ್, ಟವೆಲ್ ಎಲ್ಲ ಒಗೆದು ಹಾಕಿ. ಡಬ್ಬೀನ ಜಿಪ್ ಕವರಲ್ಲಿ ಹಾಕಿ ಮುಚ್ಚಿಡಿ, ಕಸದ ಬುಟ್ಟಿಗೂ ಬೇಡ, ತೋಡಿಗೂ ಬೇಡ, ಡಾಕ್ಟರಿಗೆ ತೋರಿಸೋಕೆ ಬೇಕು.

ಇಂಥ ಡಬ್ಬೀನ ಕಂಡುಹಿಡಿಯೋದು ಹೇಗೆ ಅಂತ ಬೇರೆಯವರು ಕೇಳ್ತಾರೆ. ಒಳಗೆ ಏನಿದೆ ಅನ್ನೋ ಪಟ್ಟಿನೇ ಇರಲ್ಲ, ಎಷ್ಟೋ ಸಲ ತಯಾರಿಸಿದವರ ವಿಳಾಸನೂ ಇರಲ್ಲ. ಪಟ್ಟಿ ಇದ್ದು ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೋಮೆಲ್ ಅಂತ ಇದ್ರೆ ಮುಗೀತು. ಮತ್ತೊಂದು ಮಜಾ ಇದೆ, ಕೆಲವು ಡಬ್ಬಿ ಮೇಲೆ ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ ಅಂತ ಬರೆದಿರ್ತಾರೆ. ಚಿನ್ನಕ್ಕೆ ಪಾದರಸ ತಾಗಿದ್ರೆ ಬೆಳ್ಳಗೆ ತಿರುಗುತ್ತೆ, ಯಾವ ಅಕ್ಕಸಾಲಿಗನ್ನ ಕೇಳಿದ್ರೂ ಹೇಳ್ತಾರೆ. ತಾಳಿ ಸರ ಹಾಳಾಗುತ್ತೆ ಅಂತ ಬಿಚ್ಚಿಟ್ಟು ಆ ಕ್ರೀಮನ್ನ ಕತ್ತಿಗೆ ಹಚ್ಚೋರಿದಾರೆ, ನಾನೇ ನೋಡಿದೀನಿ.

ಪ್ರಶ್ನೆ: ನಮಸ್ಕಾರ್ರಿ ಡಾಕ್ಟ್ರ. ಎರಡು ತಿಂಗಳದಾಗ ನನ್ನ ಮದುವಿ ಐತ್ರಿ. ಹೊಲದಾಗ ಕೆಲಸ ಮಾಡಿ ಮಾಡಿ ಮಾರಿ, ಕೈ ಕರ್ರಗ ಆಗ್ಯಾವು. ಜಿಮ್‌ನ್ಯಾಗಿನ ಗೆಳ್ಯಾ ಒಬ್ಬಾಂವ ಗ್ಲುಟಾಥಯೋನ್ ಡ್ರಿಪ್ ಹಾಕಿಸ್ಕೊಂಡು ಭಾಳ ಬೆಳ್ಳಗ ಆಗ್ಯಾನ ಅಂತ ಹೇಳ್ತಾನ. ಹತ್ತು ಸಿಟಿಂಗ್ ಪ್ಯಾಕೇಜ್ ಐತಂತ. ಹಾಕಿಸ್ಕೋಬೇಕೋ ಬ್ಯಾಡೋ ಒಂದು ಮಾತು ಹೇಳ್ರಿ.
- ಮದುಮಗ, ಬಾಗಲಕೋಟೆ ಜಿಲ್ಲೆ

ಉತ್ತರ: ಬ್ಯಾಡ್ರಿ.

ಒಂದು ಮಾತು ಕೇಳಿದ್ರಿ, ಹೇಳಿದೆ. ಯಾಕೆ ಅಂತನೂ ಹೇಳ್ತೀನಿ. ಗ್ಲುಟಾಥಯೋನ್ ಅನ್ನೋದು ನಿಮ್ಮ ಲಿವರ್ರೇ ದಿನಾ ತಯಾರಿಸೋ ವಸ್ತು, ಅದೇನು ವಿಷ ಅಲ್ಲ. ಆದ್ರೆ ಬೆಳ್ಳಗಾಗೋಕೆ ಅಂತ ಅದನ್ನ ನರಕ್ಕೆ ಏರಿಸೋಕೆ ನಮ್ಮ ದೇಶದಲ್ಲಿ ಒಪ್ಪಿಗೆ ಇಲ್ಲ. ಇದರ ಹುಚ್ಚು ಜಾಸ್ತಿ ಇರೋ ಫಿಲಿಪ್ಪೀನ್ಸ್‌ನಲ್ಲಿ ಅಲ್ಲಿನ ಸರ್ಕಾರದ ಔಷಧ ಇಲಾಖೆನೇ ಕಿಡ್ನಿ, ಲಿವರ್, ನರಮಂಡಲಕ್ಕೆ ತೊಂದರೆ ಆಗಬಹುದು, ಮೈಮೇಲಿನ ಚರ್ಮ ಸುಲಿದು ಬರೋವಂಥ ಭಾರೀ ಅಲರ್ಜಿ ಆಗಬಹುದು ಅಂತ ಜನರಿಗೆ ಎಚ್ಚರಿಕೆ ಕೊಟ್ಟಿದೆ. ಜೊತೆಗೆ ಡ್ರಿಪ್ ಹಾಕೋರು ಯಾರು, ಸೂಜಿ ಯಾವುದು, ಬಾಟ್ಲಿ ಎಲ್ಲಿಂದ ಬಂತು, ಅಲರ್ಜಿ ಆಗಿ ಉಸಿರು ಕಟ್ಟಿದ್ರೆ ಆ ರೂಮಲ್ಲಿ ಆಕ್ಸಿಜನ್ ಇದ್ಯಾ? ಇಷ್ಟೆಲ್ಲ ಮಾಡಿದ್ರೂ ಡ್ರಿಪ್ ನಿಲ್ಲಿಸಿದ ಮೇಲೆ ಬಣ್ಣ ಮೊದಲಿನ ಹಾಗೇ, ಅದಕ್ಕೇ ಹತ್ತು ಮುಗಿದ ಮೇಲೆ ಮೇಂಟೆನೆನ್ಸ್ ಅಂತ ಇನ್ನೊಂದು ಪ್ಯಾಕೇಜ್ ಇರುತ್ತೆ.

ಹೊಲದ ಬಿಸಿಲಿಗೆ ಕಪ್ಪಾಗಿದ್ದು ಟ್ಯಾನ್, ಅದು ಹೋಗೋ ಬಣ್ಣ. ಅಂಗಿ ತೆಗೆದು ಮೇಲ್ಗೈ ಒಳಭಾಗ, ಕಂಕುಳ ಹತ್ರ ನೋಡಿ, ಅದೇ ನಿಮ್ಮ ಹುಟ್ಟು ಬಣ್ಣ. ಅಲ್ಲೀವರೆಗೆ ಹೋಗಬಹುದು, ಅದಕ್ಕಿಂತ ಆಚೆಗೆ ನ್ಯಾಯವಾದ ಯಾವ ಕ್ರೀಮೂ ಕರ್ಕೊಂಡು ಹೋಗಲ್ಲ. ಎರಡು ತಿಂಗಳು ತುಂಬುತೋಳಿನ ಅಂಗಿ, ತಲೆಗೆ ರುಮಾಲು ಅಥವಾ ಅಗಲ ಟೊಪ್ಪಿಗೆ, ಬೆಳಗ್ಗೆ ಹೊರಗೆ ಹೋಗೋ ಮುಂಚೆ ಸನ್‌ಸ್ಕ್ರೀನ್, ಮಧ್ಯಾಹ್ನ ಇನ್ನೊಂದು ಸಲ. ಪ್ಯಾಕೇಜಿನ ದುಡ್ಡಲ್ಲಿ ಮದುಮಗಳಿಗೊಂದು ಇಳಕಲ್ ಸೀರೆ ಕೊಡಿಸಿ.

ಪ್ರಶ್ನೆ: ಮೇಡಂ, ನಾನು ಹದಿನಾರು ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸ್ತಿದೀನಿ. ನೀವು ಡಾಕ್ಟರುಗಳು ಎಲ್ಲದಕ್ಕೂ ಪಾರ್ಲರ್ ಮೇಲೆ ಗೂಬೆ ಕೂರಿಸ್ತೀರ. ಬ್ಲೀಚ್ ಮಾಡಿಸ್ಕೊಂಡು ಯಾರೂ ಸತ್ತಿಲ್ಲ. ಕಸ್ಟಮರ್ರೇ ಬಂದು ಬೆಳ್ಳಗೆ ಮಾಡಿ ಅಂತಾರೆ, ನಾವೇನ್ ಮಾಡೋಣ? ಒಬ್ಬರು ಹೋಲ್‌ಸೇಲ್‌ನವರು ಹರ್ಬಲ್ ನೈಟ್ ಕ್ರೀಮ್ ಅಂತ ಕೆಜಿ ಲೆಕ್ಕದಲ್ಲಿ ಕೊಡ್ತಾರೆ, ಸಣ್ಣ ಡಬ್ಬಿಗೆ ತುಂಬಿ ಮಾರ್ತೀವಿ, ಇದುವರೆಗೂ ಕಂಪ್ಲೇಂಟ್ ಬಂದಿಲ್ಲ.
- ತುಮಕೂರು

ಉತ್ತರ: ಅಕ್ಕ, ನಿಮ್ಮ ಸಿಟ್ಟಲ್ಲಿ ಅರ್ಧ ನ್ಯಾಯ ಇದೆ. ಆ ಮೂರು ಔಷಧಿ ಕ್ರೀಮನ್ನ ಜನರಿಗೆ ಪರಿಚಯ ಮಾಡಿಸಿದ್ದು ನಾವೇ, ಮತ್ತೆ ಯಾವಾಗ ಬರ್ಬೇಕು ಅಂತ ಹೇಳದೆ ಚೀಟಿ ಬರೆದು ಕಳಿಸೋ ಡಾಕ್ಟರುಗಳೂ ಇದಾರೆ.

ಬ್ಲೀಚ್ ಬಗ್ಗೆ ನನ್ನ ತಕರಾರು ಸಣ್ಣದು. ಅದು ಹೈಡ್ರೋಜನ್ ಪೆರಾಕ್ಸೈಡು, ಅಮೋನಿಯಾ ಸೇರಿಸಿದ ಪುಡಿ, ಮುಖದ ಸಣ್ಣ ಕೂದಲಿಗೆ ಬಂಗಾರದ ಬಣ್ಣ ಬರಿಸುತ್ತೆ, ಮುಖ ತಿಳಿಯಾಗಿ ಕಾಣುತ್ತೆ, ಚರ್ಮದ ಬಣ್ಣ ಬದಲಾಗಲ್ಲ. ಸುಟ್ಟ ಗಾಯ ಆಗದ ಹಾಗೆ ಹಿಂದಿನ ದಿನ ಕಿವಿ ಹಿಂದೆ ಚೂರು ಹಚ್ಚಿ ನೋಡಿ, ಉರಿ ಅಂದ್ರೆ ತಕ್ಷಣ ತೊಳೀರಿ, ಅಷ್ಟೇ. ಟ್ರೆಟಿನೋಯಿನ್ ಹಚ್ತಿರೋರಿಗೆ ಮಾತ್ರ ಬ್ಲೀಚ್, ವ್ಯಾಕ್ಸಿಂಗ್ ಎರಡೂ ಮಾಡ್ಬೇಡಿ, ಚರ್ಮ ಕಿತ್ತು ಬರುತ್ತೆ. ಮೊದಲೇ ಕೇಳಿ.

ಆದ್ರೆ ಆ ಕೆಜಿ ಕ್ರೀಮ್. ಹರ್ಬಲ್ ಅನ್ನೋ ಪದಕ್ಕೆ ಯಾವ ಗ್ಯಾರಂಟಿನೂ ಇಲ್ಲ, ಆ ಸ್ಟಿಕ್ಕರ್ ಅಂಟಿಸಿದ ಡಬ್ಬೀಲೇ ಸ್ಟೀರಾಯ್ಡು, ಪಾದರಸ ಸಿಗೋದು. ತಯಾರಿಸಿದವರ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಒಳಗಿರೋ ವಸ್ತುಗಳ ಪಟ್ಟಿ, ಎಕ್ಸ್‌ಪೈರಿ ಡೇಟು ಕೊಡಿ ಅಂತ ಆ ಹೋಲ್‌ಸೇಲ್‌ನವರನ್ನ ಕೇಳಿ ನೋಡಿ. ಕೊಡಲ್ಲ. ಕಂಪ್ಲೇಂಟ್ ಬಂದಿಲ್ಲ ಅಂದ್ರಿ, ಸ್ಟೀರಾಯ್ಡ್ ಕ್ರೀಮ್ ಹಚ್ಚೋವರೆಗೂ ಕಂಪ್ಲೇಂಟ್ ಬರಲ್ಲ ಅಕ್ಕ, ಬಿಟ್ಟಾಗ ಬರೋದು, ಬಿಟ್ಟವರು ನಿಮ್ಮ ಹತ್ರ ಬರಲ್ಲ, ನನ್ನ ಹತ್ರ ಬರ್ತಾರೆ. ನಾಳೆ ಯಾರಿಗಾದ್ರೂ ಕಿಡ್ನಿ ಹೋಗಿ ಕೇಸ್ ಆದ್ರೆ ಡಬ್ಬಿಗೆ ತುಂಬಿ ಮಾರಿದ್ದು ನೀವು, ಅವರ ಹೆಸರು ಎಲ್ಲೂ ಇರಲ್ಲ. ಉಳಿದಿದ್ದನ್ನ ಮಾರೋದು ಇವತ್ತೇ ನಿಲ್ಸಿ.

ಪ್ರಶ್ನೆ: ಸೊಸೆಗೆ ಐದು ತಿಂಗಳು. ಕೇಸರಿ ಹಾಲು ಕೊಡ್ತಿದೀನಿ, ಕುಡಿಯಲ್ಲ ವಾಂತಿ ಬರುತ್ತೆ ಅಂತಾಳೆ. ಎಷ್ಟು ಎಸಳು ಹಾಕಿದ್ರೆ ಮಗು ಬಣ್ಣ ಬರುತ್ತೆ?
- ಮಂಡ್ಯ

ಉತ್ತರ: ಎಷ್ಟು ಹಾಕಿದ್ರೂ ಬರಲ್ಲ. ಮಗು ಬಣ್ಣ ನಿಮ್ಮ ಮಗ, ಸೊಸೆ ಸೇರಿ ಐದು ತಿಂಗಳ ಹಿಂದೇನೇ ತೀರ್ಮಾನ ಮಾಡಿ ಮುಗಿಸಿದಾರೆ. ಅವಳಿಗೆ ವಾಂತಿ ಅಂದ್ರೆ ಆ ಹಾಲು ನೀವೇ ಕುಡೀರಿ ತಾಯಿ, ಕೇಸರಿ ದುಬಾರಿ. ಹುಟ್ಟಿದ ಮಗೂಗೆ ಕಡಲೆಹಿಟ್ಟು, ಅರಿಶಿನ ಹಾಕಿ ತಿಕ್ಕೋದೂ ಬೇಡ, ಎಳೇ ಚರ್ಮ ತರಚುತ್ತೆ. ಹುಟ್ಟಿದಾಗ ಕೆಂಪಗಿದ್ದ ಮಗು ಕೆಲವು ತಿಂಗಳಲ್ಲಿ ತನ್ನ ಬಣ್ಣಕ್ಕೆ ತಾನು ಬರುತ್ತೆ, ಆಗ ಸೊಸೆ ಕೇಸರಿ ಕುಡೀಲಿಲ್ಲ ಅಂತ ಹೇಳ್ಬೇಡಿ.

ಪ್ರಶ್ನೆ: ಯೂಟ್ಯೂಬ್ ನೋಡಿ ನಿಂಬೆರಸ, ಅಡುಗೆ ಸೋಡಾ ಹಚ್ಚಿ ಅರ್ಧ ಗಂಟೆ ಬಿಟ್ಟು ಕಾಲೇಜಿಗೆ ಹೋದೆ. ಈಗ ಹಣೆ ಮೇಲೆ ಕಂದು ಪಟ್ಟಿ ಬಂದಿದೆ. ಯಾವುದು ಹಚ್ಚಿದ್ರೆ ಸೇಫ್ ಅಂತ ಹೇಳಿ, ಏನೂ ಹಚ್ಬೇಡ ಅಂತ ಮಾತ್ರ ಹೇಳ್ಬೇಡಿ.
- ಬಿಎಸ್ಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿಂಬೆ ರಸ ಇರೋ ಚರ್ಮಕ್ಕೆ ಬಿಸಿಲು ಬಿದ್ರೆ ಸುಟ್ಟ ಹಾಗೇ ಆಗುತ್ತೆ, ಆ ಪಟ್ಟಿ ಅದೇ. ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು, ಆದ್ರೆ ಹೋಗುತ್ತೆ, ಕೆರೀಬೇಡ.

ಸರಿ, ಏನೂ ಹಚ್ಬೇಡ ಅನ್ನಲ್ಲ. ಕಲೆ ತಿಳಿ ಮಾಡೋಕೆ ನಿಯಾಸಿನಮೈಡ್, ಅಜೆಲಾಯಿಕ್ ಆಸಿಡ್, ವಿಟಮಿನ್ ಸಿ ಇವು ಸಾಮಾನ್ಯವಾಗಿ ತೊಂದರೆ ಕಮ್ಮಿ, ಒಂದು ಸಲಕ್ಕೆ ಒಂದೇ ಶುರು ಮಾಡು, ಮೂರನ್ನೂ ಒಟ್ಟಿಗೆ ಬಳ್ಕೋಬೇಡ. ಎರಡು ಮೂರು ತಿಂಗಳು ಬೇಕು, ಫಲಿತಾಂಶ ಕಲೆ ಮೇಲೆ, ಮೈಬಣ್ಣದ ಮೇಲಲ್ಲ. ಆದ್ರೆ ದುಡ್ಡು ಒಂದಕ್ಕೇ ಸಾಕಾಗೋದು ಅಂದ್ರೆ ಸನ್‌ಸ್ಕ್ರೀನ್ ತಗೋ, ಎಸ್‌ಪಿಎಫ್ 30ಕ್ಕಿಂತ ಕಮ್ಮಿ ಬೇಡ, ಎರಡು ಬೆರಳುದ್ದ ಹಿಂಡಿದ್ರೆ ಮುಖ, ಕತ್ತಿಗೆ ಸರಿಯಾಗುತ್ತೆ. ನಮ್ಮಂಥ ಬಣ್ಣದವರಿಗೆ ಬಂಗು ಇದ್ರೆ ಐರನ್ ಆಕ್ಸೈಡ್ ಇರೋ ಟಿಂಟೆಡ್ ಸನ್‌ಸ್ಕ್ರೀನ್ ಇನ್ನೂ ಒಳ್ಳೇದು, ಕಣ್ಣಿಗೆ ಕಾಣೋ ಬೆಳಕಿಂದಲೂ ಬಂಗು ಗಾಢ ಆಗುತ್ತೆ, ಬಿಳೀ ಸನ್‌ಸ್ಕ್ರೀನ್ ಅದನ್ನ ಅಷ್ಟು ತಡೆಯಲ್ಲ.

ಅಂಗಡಿ ಫೇರ್‌ನೆಸ್ ಕ್ರೀಮ್ ಬಗ್ಗೆನೂ ಕೇಳೋರಿದೀರ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯ್ತು, ನಾನು ಹೈಸ್ಕೂಲಲ್ಲಿದ್ದಾಗ ಅಮ್ಮನಿಗೆ ಕಾಣದ ಹಾಗೆ ಹಚ್ಚಿದ್ದೂ ಅದನ್ನೇ. ಲೇಬಲ್, ಲೈಸೆನ್ಸ್ ಇರೋ ಅಂಥ ಕ್ರೀಮನ್ನ ಪಾದರಸದ ಡಬ್ಬಿ ಸಾಲಿಗೆ ಸೇರಿಸಲ್ಲ. ಐವತ್ತು ಗ್ರಾಂ ಆಸೆಗೆ ದುಡ್ಡು ಕೊಡ್ತೀರ, ಅಷ್ಟೇ ನನ್ನ ಬೇಜಾರು.

ಪ್ರಶ್ನೆ: ನನ್ನ ಮಗಳಿಗೆ 15. ಮುಖ ಬೆಳ್ಳಗಿದೆ, ಕತ್ತು ಮಾತ್ರ ಕರಿ ಮಸಿ. ಎಷ್ಟು ತಿಕ್ಕಿದ್ರೂ ಹೋಗ್ತಿಲ್ಲ, ಅವಳ ತಾಯಿ ಸ್ನಾನ ಸರಿಯಾಗಿ ಮಾಡಲ್ಲ ಅಂತ ದಿನಾ ಬೈತಾಳೆ. ಯಾವ ಕ್ರೀಮ್?
- ದಾವಣಗೆರೆ

ಉತ್ತರ: ಅದು ಕೊಳೆ ಅಲ್ಲ ಸರ್, ತಿಕ್ಕೋದು ನಿಲ್ಲಿಸೋಕೆ ಹೇಳಿ, ತಿಕ್ಕಿದಷ್ಟೂ ಕಪ್ಪಾಗುತ್ತೆ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪ ಆಗಿ ಮಖಮಲ್ ಬಟ್ಟೆ ಥರ ಆಗಿದ್ಯಾ ಮುಟ್ಟಿ ನೋಡಿ. ಹಾಗಿದ್ರೆ ಅಕಾಂಥೋಸಿಸ್ ನೈಗ್ರಿಕನ್ಸ್, ಮೈಯಲ್ಲಿ ಇನ್ಸುಲಿನ್ ಇದ್ದೂ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ಕತ್ತು ಹೇಳ್ತಿರೋದು. ಕ್ರೀಮ್ ಆಮೇಲೆ ನೋಡೋಣ. ಮೊದಲು ಖಾಲಿ ಹೊಟ್ಟೆ ಸಕ್ಕರೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸೋ ರಕ್ತದ ಟೆಸ್ಟು) ಮಾಡಿಸಿ, ತೂಕ ಬರ್ಕೊಳ್ಳಿ, ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗ್ತಿದ್ಯಾ ಅಂತ ತಾಯಿ ಹತ್ರ ಕೇಳಿಸಿ, ಪಿಸಿಓಡಿ (ಅಂಡಾಶಯ, ಹಾರ್ಮೋನಿನ ತೊಂದರೆ) ಇದ್ರೂ ಹೀಗೆ ಆಗುತ್ತೆ. ರಿಪೋರ್ಟ್ ಬಂದ ಮೇಲೆ ನನಗೆ ಬರೀರಿ, ಅಲ್ಲೀವರೆಗೆ ಆ ಹುಡುಗಿಗೆ ಸ್ನಾನದ ವಿಷಯಕ್ಕೆ ಯಾರೂ ಬೈಬೇಡಿ.